ಆ ಹೊಲದಲ್ಲಿ ದುಡಿಯುವವರು ಯಾರು?

ಕುಷ್ಟಗಿ ತಾಲೂಕಿನ ಕಡೆ ಒಂದು ಮಕ್ಕಳ ಮನೆಗೆ ನಾನು ಆಗಾಗ ಹೋಗಿಬರುತ್ತೇನೆ. ತಂದೆ-ತಾಯಿ ಇಲ್ಲದ ಮಕ್ಕಳು, ಇದ್ದರೂ ಸಾಕಲಾಗದ ಮನೆಯ ಮಕ್ಕಳು ಅಲ್ಲಿದ್ದಾರೆ. ಮನೆಯ ಸುತ್ತ ಅವರದೇ ಹೊಲ. ಜೋಳ, ತೊಗರಿ, ಕಾಯಿಪಲ್ಲೆ, ಹಾಲು ಎಲ್ಲ ಬಹುಪಾಲು ಅಲ್ಲೇ ಆಗುತ್ತದೆ. ಇಷ್ಟು ಹೇಳಿದರೆ ಸಾಕು, ಕೇಳಿದವರೆಲ್ಲ ಒಂದೇ ಪ್ರಶ್ನೆ ಹಾಕುತ್ತಾರೆ: "ಹಂಗಾದ್ರ ಹುಡುಗರ ಕೈಲೆ ಹೊಲದಾಗ ದುಡಿಸ್ತಾರೇನ್ರೀ?"

ಕೇಳಲೇಬೇಕಾದ ಪ್ರಶ್ನೆ. ನಮ್ಮ ಭಾಗದವರಂತೂ ಕೇಳದೆ ಇರಬಾರದು. ಕೊಪ್ಪಳ, ರಾಯಚೂರು ಜಿಲ್ಲೆಗಳ ಹತ್ತಿ ಬೀಜದ ಹೊಲಗಳಲ್ಲಿ ಎಷ್ಟು ಮಕ್ಕಳು ಶಾಲೆ ಬಿಟ್ಟು ಕ್ರಾಸಿಂಗ್ ಕೆಲಸ ಮಾಡಿದ್ದಾರೆ ಅನ್ನುವುದು ಇಲ್ಲಿ ಯಾರಿಗೂ ಹೊಸದಲ್ಲ. ಹೈಬ್ರಿಡ್ ಬೀಜ ಬೇಕೆಂದರೆ ನಾಳೆ ಅರಳುವ ಮೊಗ್ಗನ್ನು ಇವತ್ತೇ ಹುಡುಕಬೇಕು. ಅದರ ದಳ, ಗಂಡು ಕೇಸರ ಬಿಡಿಸಿ ತೆಗೆಯಬೇಕು. ಒಳಗಿನ ಎಳೆ ಭಾಗಕ್ಕೆ ಉಗುರು ತಾಗಬಾರದು. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂವಿನ ಪರಾಗ ತಂದು ಸವರಬೇಕು. ಒಂದೊಂದು ಹೂವಿಗೂ ಹೀಗೇ, ವಾರಗಟ್ಟಲೆ. ಸಣ್ಣ ಬೆರಳು ಚುರುಕು, ಸಣ್ಣವರ ಕೂಲಿ ಕಡಿಮೆ. ಅದಕ್ಕೇ ಹುಡುಗಿಯರನ್ನು ಕರೆಯುತ್ತಿದ್ದರು.

ಹಾಗಾಗಿ "ಸ್ವಾವಲಂಬಿ ತೋಟ" ಅಂದ ಕೂಡಲೇ ನಾನು ಮೊದಲು ಹಾಕುವುದು ಲೆಕ್ಕ.

ಮೂವತ್ತು ಮಕ್ಕಳಿರುವ ಮನೆ ಅಂದುಕೊಳ್ಳಿ. ತಲೆಗೆ ದಿನಕ್ಕೆ 300 ಗ್ರಾಂ ಜೋಳ ಹಿಡಿದರೂ ಒಟ್ಟು 9 ಕೆಜಿ. ವರ್ಷಕ್ಕೆ ಹತ್ತಿರ ಹತ್ತಿರ 33 ಕ್ವಿಂಟಲ್. ಗಂಗಾವತಿ, ಸಿಂಧನೂರಿನ ಹಾಗೆ ತುಂಗಭದ್ರೆಯ ಕಾಲುವೆ ಇಲ್ಲಿಲ್ಲ, ಮಳೆಯೇ ಗತಿ. ಎರೆ ಹೊಲದಲ್ಲಿ ಹಿಂಗಾರಿ ಜೋಳ ಎಕರೆಗೆ ನಾಲ್ಕೈದು ಕ್ವಿಂಟಲ್ ಬಂದರೆ ಪುಣ್ಯ. ಅಂದರೆ ಬರೀ ರೊಟ್ಟಿಗೇ ಏಳೆಂಟು ಎಕರೆ ಬೇಕು. ಬಿತ್ತಬೇಕು, ಎಡೆ ಹೊಡೆಯಬೇಕು, ಕಳೆ ತೆಗೆಯಬೇಕು, ಕೊಯ್ಯಬೇಕು, ರಾಶಿ ಮಾಡಬೇಕು. ತೊಗರಿ ಬೇರೆ, ದನಗಳ ಕೆಲಸ ಬೇರೆ. ಶಾಲೆಯಿಂದ ಬಂದ ಮಕ್ಕಳು ಸಂಜೆ ಒಂದು ತಾಸು ಕೈ ಹಚ್ಚಿದರೆ ಆಗುವ ಕೆಲಸ ಅಲ್ಲವೇ ಅಲ್ಲ.

ಹಾಗಾದರೆ ಮಾಡುವವರು ಯಾರು? ನಾನು ಹೋಗುವ ಮನೆಯಲ್ಲಿ ಊರಿನ ಹೆಣ್ಣಾಳುಗಳು ಕಳೆಗೆ ಬರುತ್ತಾರೆ, ಸಂಜೆ ಕೂಲಿ ಎಣಿಸಿಕೊಂಡು ಹೋಗುತ್ತಾರೆ. ದನ ನೋಡಲು ಸಂಬಳದ ಮನುಷ್ಯ ಒಬ್ಬರಿದ್ದಾರೆ. ಬಿತ್ತನೆಗೆ ಬಾಡಿಗೆ ಟ್ರ್ಯಾಕ್ಟರ್. ನೀವೂ ಇಂಥ ಜಾಗಕ್ಕೆ ಹೋದರೆ ಮೊದಲು ಆಳುಗಳ ಬಗ್ಗೆ ಕೇಳಿ. "ನಮಗ ಆಳು ಬೇಕಾಗಂಗಿಲ್ರೀ, ಎಲ್ಲಾ ಹುಡುಗರೇ ಮಾಡ್ತಾವ" ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ನನಗೆ ಎದೆ ಧಸಕ್ಕೆನ್ನುತ್ತದೆ.

ಮಕ್ಕಳು ಏನೂ ಮಾಡುವುದಿಲ್ಲ ಅಂತಲ್ಲ. ಕರುವಿಗೆ ನೀರು ಕುಡಿಸುತ್ತಾರೆ. ಮೆಂತ್ಯ, ರಾಜಗಿರಿ ಹಾಕಿದ ಸಣ್ಣ ಮಡಿಗಳಿವೆ, ಅವು ಅವರವೇ. ಒಮ್ಮೆ ಪರೀಕ್ಷೆ ದಿನಗಳಲ್ಲಿ ಹೋಗಿದ್ದೆ, ಮಡಿಗಳ ಹತ್ತಿರ ಒಬ್ಬರೂ ಇರಲಿಲ್ಲ. ಉಸ್ತುವಾರಿ ನೋಡುವ ಹಿರಿಯರೇ ಕೊಡ ಹಿಡಿದು ನೀರು ಹಾಕುತ್ತಿದ್ದರು. "ಪರೀಕ್ಷಾ ಐತ್ರಿ ಅಕ್ಕಾರ, ಓದ್ಲಿ ಬಿಡ್ರಿ" ಅಂದರು. ನನಗೆ ಬೇಕಾಗಿದ್ದ ಉತ್ತರ ಅದೇ. ಮಗು ಇವತ್ತು ಬರಲ್ಲ ಅಂದರೆ ಕೆಲಸ ನಿಲ್ಲಬಾರದು, ಮಗುವಿಗೆ ಬೈಗುಳವೂ ಬೀಳಬಾರದು.

ಕಾನೂನು ಇದರಲ್ಲಿ ಸ್ಪಷ್ಟ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಸ್ವಂತ ಕುಟುಂಬಕ್ಕೆ ನೆರವಾಗಬಹುದು, ಅದೂ ಅಪಾಯವಿಲ್ಲದ ಕೆಲಸವಾದರೆ. ಕುಟುಂಬ ಅಂದರೆ ಅಪ್ಪ-ಅಮ್ಮ, ಒಡಹುಟ್ಟಿದವರು, ಅಪ್ಪ-ಅಮ್ಮನ ಒಡಹುಟ್ಟಿದವರು, ಅಷ್ಟೇ. "ನಾವೂ ಒಂದು ಕುಟುಂಬಾನೇ" ಅನ್ನುವ ಸಂಸ್ಥೆಗೆ ಈ ವಿನಾಯಿತಿ ಸಿಗುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ಇಂಥ ಮನೆ ನೋಂದಣಿ ಆಗಿರಬೇಕು. ಮಗು ಅಲ್ಲಿಗೆ ಬರಬೇಕಾದದ್ದು ಮಕ್ಕಳ ಕಲ್ಯಾಣ ಸಮಿತಿಯ ಮೂಲಕ. ನೋಂದಣಿ ಪತ್ರ ತೋರಿಸಿ ಅಂತ ಕೇಳಿದರೆ ಒಳ್ಳೆಯ ಮನೆಯವರು ಸಿಟ್ಟಾಗುವುದಿಲ್ಲ.

ಅಡುಗೆಮನೆ ಹಿಂದೆ ದೇವರ ದೀಪದ ಬತ್ತಿಗೆಂದು ನಾಲ್ಕು ಹತ್ತಿ ಗಿಡ ಹಾಕಿದ್ದಾರೆ. ಅಲ್ಲಿ ಒಬ್ಬ ಹುಡುಗಿ ನನ್ನ ಜೊತೆ ಮಾತಾಡುತ್ತಲೇ ಒಂದು ಮೊಗ್ಗು ಹಿಡಿದಳು. ಹೆಬ್ಬೆರಳ ಉಗುರನ್ನು ಅದರ ಬುಡದಲ್ಲಿ ಒಂದು ಸುತ್ತು ತಿರುಗಿಸಿದಳು. ದಳ, ಕೇಸರ ಎಲ್ಲ ಟೊಪ್ಪಿಗೆಯ ಹಾಗೆ ಇಡಿಯಾಗಿ ಕಳಚಿ ಬಂತು. ನಡುವಿನ ಬಿಳಿ ಕಡ್ಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅವಳು ಮೊಗ್ಗಿನ ಕಡೆ ನೋಡಿಯೂ ಇರಲಿಲ್ಲ. ಎಲ್ಲಿ ಕಲಿತೆ ಅಂತ ನಾನು ಕೇಳಲಿಲ್ಲ. ನೀವೂ ಕೇಳಬೇಡಿ. ಹಿಂದಿನದನ್ನು ಹೇಳುವುದು ಬಿಡುವುದು ಆ ಮಗುವಿನ ಇಷ್ಟ, ಬಂದ ಅತಿಥಿಗಳಿಗೆಲ್ಲ ಒಪ್ಪಿಸಬೇಕಾದ ಪಾಠ ಅಲ್ಲ ಅದು. ಫೋಟೋನೂ ಬೇಡ. ಇಂಥ ಮಕ್ಕಳ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಈ ಮನೆಯ ಹೆಸರು, ಊರು ನಾನು ಬರೆಯದೆ ಇರುವುದೂ ಅದಕ್ಕೇ.

ಇನ್ನೊಂದು ಮಾತು. ಹೊಲ ಇದೆ ಅಂದಮಾತ್ರಕ್ಕೆ ಆ ಮನೆಗೆ ಏನೂ ಬೇಡ ಅಂದುಕೊಳ್ಳಬೇಡಿ. ಔಷಧಿ, ಬಟ್ಟೆ, ಪುಸ್ತಕ, ಸಿಬ್ಬಂದಿ ಸಂಬಳ ಯಾವುದೂ ಜೋಳದ ತೆನೆಯಿಂದ ಉದುರುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಅಂಥ ವರ್ಷ ಇಂಥ ಮನೆಗಳೂ ಕಾಳು ಕೊಂಡೇ ಉಣ್ಣಬೇಕು. ಕೈಯಲ್ಲಿ ದುಡ್ಡಿಲ್ಲದಾಗ ಎಲ್ಲೇ ಆಗಲಿ ಮೊದಲು ಬಿಡಿಸುವುದು ಆಳನ್ನು. ಆ ಕೆಲಸ ಮೆಲ್ಲಗೆ ಮಕ್ಕಳ ಮೈಮೇಲೆ ಬರುವ ಭಯ ಇರುವುದು ಆಗಲೇ.

ಅದಕ್ಕೇ ಏನು ತಗೊಂಡು ಹೋಗಲಿ ಎಂದು ಕೇಳಿದವರಿಗೆ ಕೇಕು, ಬಿಸ್ಕತ್ತು ಬೇಡ ಅನ್ನುತ್ತೇನೆ. ಹೋಗುವ ಮುಂಚೆ ಫೋನ್ ಮಾಡಿ, ಪರೀಕ್ಷೆ ದಿನ ಬಿಟ್ಟು ಹೋಗಿ. ಈ ಸಲ ಕಳೆಗೆ ಎಷ್ಟು ಆಳು ಬೇಕು, ಕೂಲಿ ಎಷ್ಟಾಗುತ್ತದೆ ಎಂದು ವಿಚಾರಿಸಿ. ಆದಷ್ಟು ದಿನದ ಕೂಲಿ ಕೊಟ್ಟು, ರಸೀದಿ ತಗೊಳ್ಳಿ. ಇನ್ನು ಎಲ್ಲಾದರೂ ಶಾಲೆ ಹೊತ್ತಲ್ಲಿ ಮಕ್ಕಳು ಹೊಲದಲ್ಲಿ ಕಂಡರೆ, ಅದು ಆಶ್ರಮದ್ದೇ ಆಗಲಿ, ಗೌಡರದ್ದೇ ಆಗಲಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ, ರಾತ್ರಿ-ಹಗಲು ಎತ್ತುತ್ತಾರೆ.