ಬಚ್ಚಲಿಗೊಂದು ಬಿಸಿ ಏಣಿ

ಜೂನ್ 12

ಟವೆಲ್ ಒಣಗುತ್ತಿಲ್ಲ. ಕುಮಟಾದಲ್ಲಿ ಮಳೆ ಹಿಡಿದು ಆರು ದಿನ ಆಯ್ತು. ಬೆಳಿಗ್ಗೆ ಮೈ ಒರೆಸಿ ಹಾಕಿದ್ದು ರಾತ್ರಿ ಮುಟ್ಟಿದರೂ ತಣ್ಣಗೆ. ಮೂರನೇ ದಿನಕ್ಕೆ ಮುಗ್ಗಲು ವಾಸನೆ.

ಶಿರಸಿ ಕಡೆಯ ಹಳೇ ಮನೆಯಲ್ಲಿ ಈ ರಗಳೆ ಇರಲಿಲ್ಲ. ಬಚ್ಚಲ ಒಲೆಯಲ್ಲಿ ಅಡಿಕೆ ಸಿಪ್ಪೆ ದಿನವಿಡೀ ಹೊಗೆಯಾಡುತ್ತಿತ್ತು. ಹಂಡೆಯ ಮೇಲ್ಗಡೆ ಒಂದು ಬಿದಿರಿನ ಗಳ, ಅದರ ಮೇಲೆ ಸಾಲಾಗಿ ಪಾಣಿಪಂಚೆ. ಸ್ವಲ್ಪ ಹೊಗೆ ವಾಸನೆ ಬರುತ್ತಿತ್ತು ಅನ್ನೋದು ಬಿಟ್ಟರೆ ಯಾವಾಗಲೂ ಬೆಚ್ಚಗೆ. ಇಲ್ಲಿ ಟೈಲ್ಸ್ ಹಾಕಿದ ಬಾತ್‌ರೂಮು, ಗೀಸರ್ರು, ಅಂಗೈ ಅಗಲದ ಕಿಟಕಿ. ಒಲೆ ಹೋಯ್ತು, ಅದರ ಜೊತೆ ಗಳವೂ ಹೋಯ್ತು.

ಆ ಗಳವನ್ನೇ ಕರೆಂಟಿನಲ್ಲಿ ವಾಪಸ್ ತರಬೇಕು ಅಂತ ಹೊರಟಿದ್ದೇನೆ. ಅಂಗಡಿ ಭಾಷೆಯಲ್ಲಿ ಅದಕ್ಕೆ ಟವೆಲ್ ವಾರ್ಮರ್ ಅಂತಾರೆ. ಗೋಡೆಗೆ ಹಾಕಿದ ಏಣಿಯ ಹಾಗೆ ಕಾಣುವ, ಬಿಸಿಯಾಗುವ ಕೊಳವೆಗಳ ಚೌಕಟ್ಟು.

ಜೂನ್ 15

ಕೊಳ್ಳುವ ಮೊದಲು ಲೆಕ್ಕ. ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಬಚ್ಚಲಿಗೆ ಒಯ್ದೆ. (ಹೆಂಡತಿಗೆ ಇದು ಗೊತ್ತಿಲ್ಲ.) ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿದ ಟವೆಲ್ 410 ಗ್ರಾಂ. ಮೈ ಒರೆಸಿದ ಮೇಲೆ 560. ಅಂದ್ರೆ 150 ಗ್ರಾಂ ನೀರು. ಮಾಮೂಲಿ ರಾಡ್ ಮೇಲೆ ಹನ್ನೆರಡು ತಾಸು ಬಿಟ್ಟು ತೂಗಿದರೆ 505. ಮರುದಿನ ಅದರ ಮೇಲೇ ಮತ್ತೆ ನೀರು. ವಾಸನೆ ಬರದೆ ಇನ್ನೇನು?

ಒಂದು ಲೀಟರ್ ನೀರನ್ನು ಆವಿ ಮಾಡೋಕೆ ಸುಮಾರು 0.67 ಯೂನಿಟ್ ಶಕ್ತಿ ಬೇಕು. 150 ಗ್ರಾಮಿಗೆ ಬರೀ 0.1 ಯೂನಿಟ್. ಬಿಸಿಯ ಬಹುಪಾಲು ಗೋಡೆಗೂ ಗಾಳಿಗೂ ಹೋಗುತ್ತದೆ ಅಂದುಕೊಂಡರೂ, ನೂರು ವಾಟ್ ಒಳಗಿನದು ಧಾರಾಳ ಸಾಕು. 2000 ವಾಟಿನ ಗೀಸರ್ ಅರ್ಧ ತಾಸಿಗೆ ಒಂದು ಯೂನಿಟ್ ತಿನ್ನುತ್ತದೆ, 100 ವಾಟಿನದ್ದು ಅಷ್ಟು ತಿನ್ನೋಕೆ ಹತ್ತು ತಾಸು ಬೇಕು. ಬಿಲ್ಲಿನ ಹೆದರಿಕೆ ಅಲ್ಲಿಗೆ ಮುಗೀತು.

ಜೂನ್ 21

ಊರಿನ ಸ್ಯಾನಿಟರಿ ಅಂಗಡಿಯಲ್ಲಿ ಕೇಳಿದೆ. "ಟವೆಲ್ ರಾಡ್ ಬೇಕಾ?" ಅಂದರು. ಬಿಸಿ ಆಗುವಂಥದ್ದು ಅಂದೆ. "ನಮ್ಮ ಸೆಖೆಗೆ ಅದೆಂತಕ್ಕೆ ಮಾರಾಯ್ರೇ?" ಅಂತ ನಕ್ಕರು. ಹುಬ್ಬಳ್ಳಿಗೆ ಹೋಗುವ ಕೆಲಸ ಹೇಗೂ ಇತ್ತು, ಅಲ್ಲೇ ನೋಡಿದೆ.

ಯುರೋಪಿನ ಎಷ್ಟೋ ಮನೆಗಳಲ್ಲಿ ಕೋಣೆ ಬೆಚ್ಚಗಿಡೋ ಬಿಸಿನೀರಿನ ಪೈಪಿಗೇ ಇದನ್ನೂ ಜೋಡಿಸುತ್ತಾರೆ. ನಮಗೆ ಆ ಏರ್ಪಾಡೇ ಇಲ್ಲ, ಹಾಗಾಗಿ ಕರೆಂಟಿನದ್ದು ಮಾತ್ರ. ಅದರಲ್ಲಿ ಎರಡು ಜಾತಿ. ಒಂದರಲ್ಲಿ ಕೊಳವೆಯೊಳಗೆ ಎಣ್ಣೆಯೋ ಬೇರೆ ದ್ರವವೋ ತುಂಬಿರುತ್ತದೆ. ನಿಧಾನ ಕಾಯುತ್ತದೆ, ಕರೆಂಟ್ ಹೋದ ಮೇಲೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಇನ್ನೊಂದರಲ್ಲಿ ಕಾಯುವ ವೈರ್ ಕೊಳವೆಯೊಳಗೇ ಓಡುತ್ತದೆ. ಬೇಗ ಬಿಸಿ, ಬೇಗ ತಣ್ಣಗೆ, ತೂಕವೂ ಕಡಿಮೆ. ತೂಕದ ಮಾತು ಯಾಕೆ ಮುಖ್ಯ ಅಂತ ಮುಂದೆ ಬರುತ್ತದೆ.

ಅಂಗಡಿಯವರು ತೋರಿಸಿದ ಮೊದಲ ಮಾಡೆಲ್ ಚಂದ ಇತ್ತು. ಬೆರಳು ತಾಗಿಸಿದರೆ ನೀಲಿ ದೀಪ. ಮೇನ್ ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿ ಅಂದೆ. ಹಾಕಿದರು. ನೀಲಿ ದೀಪ ಬರಲೇ ಇಲ್ಲ! ಮತ್ತೆ ಬೆರಳು ತಾಗಿಸಬೇಕು. ಮಳೆಗಾಲದ ರಾತ್ರಿಯಲ್ಲಿ ನಾಲ್ಕು ಸಲ ಕರೆಂಟ್ ಹೋಗಿ ಬರುವ ಮನೆಗೆ ಇದು ಬೇಡ. ಕಟಕ್ ಅನ್ನುವ ಮಾಮೂಲಿ ಸ್ವಿಚ್ಚೇ ವಾಸಿ. ಕರೆಂಟ್ ಬಂದ ಕೂಡಲೇ ತನ್ನ ಕೆಲಸಕ್ಕೆ ಹತ್ತುತ್ತದೆ.

ಜೂನ್ 23

ಇವತ್ತೆಲ್ಲ ಸ್ಟೀಲಿನ ವಿಚಾರ. ಸಮುದ್ರ ನಮ್ಮನೆಯಿಂದ ಎರಡು ಕಿಲೋಮೀಟರೂ ಇಲ್ಲ. ಗೇಟಿನ ಚಿಲಕ ಎರಡು ವರ್ಷಕ್ಕೇ ತಿಂದು ಹೋಗಿದೆ. ಕ್ರೋಮ್ ಲೇಪದ ಕಬ್ಬಿಣ ಬಚ್ಚಲಲ್ಲಿ ಎಷ್ಟು ದಿನ ಬಂದೀತು? ಲೇಪ ಒಂದು ಕಡೆ ಎದ್ದರೆ ಸಾಕು, ಒಳಗಿಂದ ತುಕ್ಕು.

304 ಅನ್ನೋ ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್. 316ರಲ್ಲಿ ಅದರ ಜೊತೆ 2ರಿಂದ 3 ಪಾಲು ಮಾಲಿಬ್ಡಿನಂ. ಉಪ್ಪು ಗಾಳಿಯನ್ನು ತಡೆಯೋದು ಅದೇ. 304 ಕೂಡ ಕಡಲ ಹತ್ತಿರ ಮುರಿದು ಬೀಳೋದಿಲ್ಲ, ಆದರೆ ಮೇಲೆ ಚಾ ಚೆಲ್ಲಿದ ಹಾಗೆ ಕಂದು ಕಲೆ ಕೂರುತ್ತದೆ. ಒಬ್ಬ ಅಂಗಡಿಯವರು ಅಯಸ್ಕಾಂತ ಹಿಡಿದು, "ನೋಡಿ ಹಿಡೀತಿಲ್ಲ, ಅಸಲಿ 304" ಅಂದರು. ಅದು ಪುರಾವೆಯೇ ಅಲ್ಲ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ 202ಕ್ಕೂ ಅಯಸ್ಕಾಂತ ಅಷ್ಟಾಗಿ ಹಿಡಿಯೋದಿಲ್ಲ. ಗ್ರೇಡನ್ನು ಬಿಲ್ಲಿನಲ್ಲಿ ಬರೆದುಕೊಡಿ ಅಂದೆ. ಅಯಸ್ಕಾಂತ ಜೇಬಿಗೆ ಹೋಯ್ತು.

316 ನನ್ನ ಬಜೆಟ್ಟಿಗೆ ಎಟುಕಲಿಲ್ಲ. ಗ್ರೇಡ್ ಬರೆದುಕೊಟ್ಟ ಇನ್ನೊಂದು ಅಂಗಡಿಯಲ್ಲಿ 304ರದ್ದೇ ತಗೊಂಡೆ. 90 ವಾಟ್, ಆರು ಅಡ್ಡಪಟ್ಟಿ, ವೈರ್ ಜಾತಿಯದ್ದು, 7,800 ರೂಪಾಯಿ. ವಾರಕ್ಕೊಮ್ಮೆ ಸಿಹಿನೀರಲ್ಲಿ ಒರೆಸುವ ಕೆಲಸ ನನ್ನದು. ಟೈಲ್ಸ್ ತೊಳೆಯುವ ಆಸಿಡ್ ಅದರ ಹತ್ತಿರ ಸುಳಿಯಬಾರದು. ಆ ಆಸಿಡ್ಡಿನಲ್ಲಿರೋ ಕ್ಲೋರೈಡ್ ಸ್ಟೀಲಿಗೆ ಸಮುದ್ರಕ್ಕಿಂತ ದೊಡ್ಡ ಶತ್ರು.

ಡಬ್ಬದ ಮೇಲೆ ಐಪಿ 44 ಅಂತ ಇತ್ತು, ಹೊರಗಿನ ವಸ್ತು, ನೀರು ಒಳಗೆ ಹೋಗದಂತೆ ಎಷ್ಟು ತಡೆಯುತ್ತದೆ ಅನ್ನೋ ಗುರುತು. ಎರಡನೇ 4 ನೀರಿನ ಲೆಕ್ಕ. ಯಾವ ಕಡೆಯಿಂದ ಸಿಡಿದರೂ ತೊಂದರೆ ಇಲ್ಲ, ಆದರೆ ಪೈಪ್ ಹಿಡಿದು ನೀರು ಬಿಡಬಾರದು. ಎಲೆಕ್ಟ್ರಿಷಿಯನ್ ಶವರ್ ಬಾಯಿಂದ ಟೇಪ್ ಹಿಡಿದು 120 ಸೆಂಟಿಮೀಟರ್ ಆಚೆ ಗುರುತು ಹಾಕಿದರು. ಸ್ವಿಚ್ ಬಾಗಿಲ ಹೊರಗೆ. ಅರ್ತ್ ಬೇಕೇ ಬೇಕು, ಮೇಲಿಂದ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದರೆ ತಾನಾಗೇ ಲೈನ್ ಕಡಿಯುವ ಸ್ವಿಚ್. ಇದರಲ್ಲಿ ಚೌಕಾಸಿ ಇಲ್ಲ.

ಜುಲೈ 2

ಎಡವಟ್ಟಾಯ್ತು.

ನಮ್ಮದು ಚಿರೆಕಲ್ಲಿನ ಗೋಡೆ, ಕರಾವಳಿಯ ಕೆಂಪು, ತೂತುತೂತಿನ ಕಲ್ಲು. ಟೈಲ್ಸ್ ದಾಟುವ ತನಕ ಡ್ರಿಲ್ ಕಿರುಚಿತು, ಆಮೇಲೆ ಒಮ್ಮೆಲೇ ಬೆಣ್ಣೆಯೊಳಗೆ ಹೋದ ಹಾಗೆ ಹೋಯ್ತು. ಬಿಟ್ ಹೊರಗೆ ಎಳೆದರೆ ಕೆಂಪು ಹುಡಿ ಸುರಿಯಿತು, ಬಿಳಿ ಟೈಲ್ಸ್ ಮೇಲೆ ಕುಂಕುಮ ಚೆಲ್ಲಿದ ಹಾಗೆ. ಕಿರುಬೆರಳು ಹಾಕಿ ನೋಡಿದೆ. ಒಳಗೆ ತೂತು ಹೊರಗಿನದಕ್ಕಿಂತ ಅಗಲ! ಕಲ್ಲಿನ ಗೂಡೊಂದು ಕುಸಿದಿತ್ತು. ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿದರೆ ಪ್ಲಗ್ಗೂ ಜೊತೆಗೇ ತಿರುಗುತ್ತಿದೆ. ನಾಲ್ಕು ಕೆಜಿಯ ಏಣಿ, ಮೇಲೆ ಒದ್ದೆ ಟವೆಲ್ಲುಗಳು. ಯಾರ ಕಾಲ ಮೇಲೆ ಬೀಳುತ್ತೋ ಏನೋ.

ಎಣ್ಣೆ ತುಂಬಿದ್ದು ತಂದಿದ್ದರೆ ಇನ್ನೂ ಭಾರ. ವೈರಿನದ್ದೇ ತಂದದ್ದು ಪುಣ್ಯ.

ಜುಲೈ 6

ಕೆಮಿಕಲ್ ಆಂಕರ್ ತರಿಸಿದೆ. ಗನ್ನಿನಿಂದ ಹಿಂಡುವ ಅಂಟು. ತೂತಿನ ಹುಡಿಯನ್ನು ಮೊದಲು ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಅಂಟು ಹುಡಿಗೆ ಕಚ್ಚುತ್ತದೆ, ಕಲ್ಲಿಗೆ ಕಚ್ಚೋದಿಲ್ಲ. ಸೈಕಲ್ ಪಂಪಿನಲ್ಲಿ ಊದಿದೆ, ಬಾಟಲಿ ಬ್ರಶ್ಶಿನಲ್ಲಿ ಉಜ್ಜಿದೆ, ಮತ್ತೆ ಊದಿದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳದೇ ಇದ್ದದ್ದಕ್ಕೆ ಒಳ್ಳೇ ಶಾಸ್ತಿಯೂ ಆಯ್ತು. ಒಳಗೆ ಜಾಳಿಗೆಯ ಸಣ್ಣ ಕೊಳವೆ ಇಟ್ಟು ಅಂಟು ತುಂಬಿ, ಸ್ಟೀಲ್ ಸ್ಟಡ್ (ತಲೆಯಿಲ್ಲದ ಬೋಲ್ಟ್) ತಿರುಗಿಸಿ ಕೂರಿಸಿದೆ. ಒಂದು ರಾತ್ರಿ ಮುಟ್ಟಲಿಲ್ಲ. ಬೆಳಿಗ್ಗೆ ಎರಡೂ ಕೈಯಲ್ಲಿ ಜಗ್ಗಿದೆ. ಅಲುಗಲಿಲ್ಲ.

ಜುಲೈ 9

ಏಣಿ ಗೋಡೆಯಲ್ಲಿದೆ. ಮತ್ತೆ ತಕ್ಕಡಿ.

ನಾಲ್ಕು ತಾಸಿಗೆ 560ರಿಂದ 450. ನನಗೆ ನಿರಾಸೆ. ಬಾಗಿಲು ತೆಗೆದರೆ ಕನ್ನಡಿ ಮಂಜು, ತಾರಸಿಯ ಮೂಲೆಯಲ್ಲಿ ಹನಿ ಕಟ್ಟಿದೆ. ನೀರು ಟವೆಲ್ ಬಿಟ್ಟು ಎದ್ದಿದೆ, ಆದರೆ ಕೋಣೆ ಬಿಟ್ಟು ಹೋಗಿಲ್ಲ. ಹಳೇ ಬಚ್ಚಲಲ್ಲಿ ಒಲೆಯ ಬಿಸಿ ಎಷ್ಟು ಕೆಲಸ ಮಾಡಿತ್ತೋ, ಹಂಚಿನ ಸಂದಿಯೂ ಅಷ್ಟೇ ಮಾಡಿತ್ತು ಅಂತ ಈಗ ಹೊಳೆಯಿತು. ಆವಿಗೆ ಹೋಗೋಕೆ ದಾರಿ ಇತ್ತು. ನಾನು ಒಲೆ ತಂದೆ, ಸಂದಿ ತರಲಿಲ್ಲ.

ಜುಲೈ 13

ಕಿಟಕಿಯ ಪಕ್ಕ ಗೋಡೆ ಕೊರೆಸಿ ಆರು ಇಂಚಿನ ಎಕ್ಸಾಸ್ಟ್ ಫ್ಯಾನ್. ಬಾಗಿಲ ಅಡಿಯಲ್ಲಿ ಅರ್ಧ ಇಂಚು ಕೊಯ್ಸಿದೆ, ಗಾಳಿ ಒಳಗೆ ಬರದೆ ಹೊರಗೆ ಹೋಗೋದು ಹೇಗೆ? ಹೊರಗಿನ ಗಾಳಿಯೂ ಒದ್ದೆಯೇ ಅಲ್ವಾ ಅಂತ ಅನುಮಾನ ಇತ್ತು. ಆದರೆ ಒದ್ದೆ ಗಾಳಿಯೂ ಬಿಸಿ ಪಟ್ಟಿಯ ಪಕ್ಕ ಬಂದು ಕಾದರೆ ಇನ್ನಷ್ಟು ನೀರು ಹೊರಬಲ್ಲದು.

ನಾಲ್ಕು ತಾಸಿಗೆ 415 ಗ್ರಾಂ. ಏಣಿ ತಿಂದದ್ದು 0.36 ಯೂನಿಟ್.

ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹೋಟೆಲ್ ಥರ ಹಾಕಿದ ದಿನ 470ಕ್ಕೇ ನಿಂತಿತು. ಒಂದೇ ಪದರ ಹರಡಿ ಹಾಕಬೇಕು. ತೆಳ್ಳನೆಯ ಪಾಣಿಪಂಚೆಯಾದರೆ ಒಂದೂವರೆ ತಾಸಿಗೇ ಗರಿಗರಿ.

ಜುಲೈ 28

ಆಯಿ ಶಿರಸಿಯಿಂದ ಬಂದಿದ್ದಾರೆ. ಬಚ್ಚಲಿಗೆ ಹೋದವರು ಕೂಗಿದರು, "ಗೋಡೆಗೆ ಏಣಿ ಎಂತಕ್ಕೋ? ಹತ್ತಿ ಎಲ್ಲಿಗೆ ಹೋಗುದು?" ಮುಟ್ಟಿ ನೋಡಿ ಸುಮ್ಮನಾದರು. ಸಂಜೆ ನೋಡಿದರೆ ಆರು ಪಟ್ಟಿಗೂ ಸಾಲಾಗಿ ಮಗಳ ಶಾಲೆ ಸಾಕ್ಸು, ಯೂನಿಫಾರ್ಮು, ಅವರದ್ದೇ ಒಂದು ಪಂಚೆ. ನನ್ನ ಟವೆಲ್ ಮಾಮೂಲಿ ರಾಡ್ ಮೇಲೆ ತಣ್ಣಗೆ ನೇತಾಡುತ್ತಿತ್ತು.