ಕುಣಿಯುವ ಮೀನುಗಾರ

ಅಕ್ಕನ ಮಗಳು ಇಂಗ್ಲೆಂಡಿನಿಂದ ಹಾಕಿದ ಪೋಸ್ಟ್‌ಕಾರ್ಡ್ ಇವತ್ತು ಬಂತು. ಹಿಂದೆ ಎರಡೇ ಸಾಲು. "ಚಿಕ್ಕಮ್ಮಾ, ಸಿಕ್ಕಾಪಟ್ಟೆ ಚಳಿ. ಸಮುದ್ರಕ್ಕೆ ಕಾಲೇ ಇಡಲಿಲ್ಲ."

ಮುಂದಿನ ಚಿತ್ರದಲ್ಲಿ ಮಾತ್ರ ಬೇರೆಯೇ ಕಥೆ. ಡೊಳ್ಳುಹೊಟ್ಟೆಯ ಮೀನುಗಾರ. ಬಾಯಲ್ಲಿ ಪೈಪು, ಕಾಲಿಗೆ ಮೊಣಕಾಲುದ್ದದ ಬೂಟು. ಎರಡೂ ಕೈ ಚಾಚಿ ಮರಳ ಮೇಲೆ ಕುಣಿಯುತ್ತಿದ್ದಾನೆ. ಅಂಥ ಬೂಟು ಹಾಕಿಕೊಂಡು ಹೇಗೆ ಹಾರಿದನೋ ಮಹರಾಯ!

ಊರು ಸ್ಕೆಗ್‌ನೆಸ್, ಇಂಗ್ಲೆಂಡಿನ ಪೂರ್ವ ಕರಾವಳಿಯದು. 1908ರಲ್ಲಿ ಗ್ರೇಟ್ ನಾರ್ದರ್ನ್ ರೈಲ್ವೆ ಎಂಬ ಕಂಪನಿ ಮಾಡಿಸಿದ ಪೋಸ್ಟರ್ ಇದು. ಆಗ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಅಲ್ಲಿಗೆ ಒಂದು ದಿನದ ಪ್ರವಾಸಕ್ಕೆ 3 ಶಿಲಿಂಗ್. ಚಿತ್ರ ಬರೆದ ಜಾನ್ ಹ್ಯಾಸಲ್‌ಗೆ ಸಿಕ್ಕಿದ್ದು 12 ಗಿನಿ, ಅಂದರೆ 12 ಪೌಂಡಿಗಿಂತ ತುಸು ಹೆಚ್ಚು.

ನನಗೆ ಮಜಾ ಅನ್ನಿಸಿದ್ದು ಅದರ ಮೇಲಿನ ಸಾಲು. "ಸ್ಕೆಗ್‌ನೆಸ್ ಈಸ್ ಸೋ ಬ್ರೇಸಿಂಗ್." ಮೈ ಚುರುಕಾಗಿಸುವ ಗಾಳಿ ಅಂತೆ! ಅದು ಉತ್ತರ ಸಮುದ್ರದಿಂದ ನೇರ ಬಂದು ಮುಖಕ್ಕೆ ಹೊಡೆಯುವ ಕುಳಿರ್ಗಾಳಿ. ಅದನ್ನು ಮುಚ್ಚಿಡಲಿಲ್ಲ, ಅದನ್ನೇ ಮಾರಿದರು. ನಮ್ಮ ಮದುವೆ ದಲ್ಲಾಳಿಗಳು ಜಿಪುಣ ಹುಡುಗನನ್ನು "ಲೆಕ್ಕಾಚಾರದವನು" ಅನ್ನುತ್ತಾರಲ್ಲ, ಹಾಗೆ.

ಇನ್ನೊಂದು ವಿಷಯ. ಚಿತ್ರ ಬರೆಯುವಾಗ ಹ್ಯಾಸಲ್ ಆ ಊರನ್ನು ನೋಡಿಯೇ ಇರಲಿಲ್ಲ. ಮೊದಲ ಸಲ ಹೋಗಿದ್ದು 1936ರಲ್ಲಿ. 28 ವರ್ಷ ಆದ ಮೇಲೆ! ಅಷ್ಟರಲ್ಲಿ ಅವನ ಮೀನುಗಾರ ಊರಿನ ಗುರುತೇ ಆಗಿಬಿಟ್ಟಿದ್ದ.

ಬಹುಶಃ ನೋಡದೆ ಇದ್ದದ್ದೇ ಒಳ್ಳೆಯದಾಯಿತು. ನೋಡಿದ್ದರೆ ಆ ಮೀನುಗಾರನಿಗೂ ಒಂದು ಸ್ವೆಟರ್, ಮಫ್ಲರ್ ಜಾಸ್ತಿ ತೊಡಿಸುತ್ತಿದ್ದನೇನೋ.

ಕಾರ್ಡನ್ನು ಫ್ರಿಜ್ ಮೇಲೆ ಅಂಟಿಸಿದ್ದೇನೆ. ಅವಳಿಗೆ ಮೆಸೇಜ್ ಹಾಕಿದೆ: "ಮಂಕಿ ಕ್ಯಾಪ್ ಕಳಿಸಲಾ?"