ನೂರಕ್ಕೆ ನೂರು ಬಂದ ಪುಟ

"ಮೇಡಂ, ನಿಮ್ಮ ಫೋನಿನ ವಾಲ್ಯೂಮ್ ಕಡಿಮೆ ಇರಬಹುದು, ಒಮ್ಮೆ ನೋಡಿ." ನಾನು ಆಡಿದ ಈ ಮಾತು ನೆನಪಾದರೆ ಈಗಲೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಅದೊಂದು ತರಬೇತಿ ಪೋರ್ಟಲ್. ಟೆಂಪ್ಲೇಟ್ ಜರ್ಮನಿಯ ಕ್ಲೈಂಟಿನದು, ಡಿಸೈನ್ ಪೋಲೆಂಡಿನದು, ಕನ್ನಡ ಆವೃತ್ತಿ ಬೆಂಗಳೂರಿನಲ್ಲಿ ಕುಳಿತ ನಮ್ಮದು. ಅಂಗವಿಕಲರೂ ಪುಟವನ್ನು ಬಳಸಬಹುದೇ ಎಂದು ನೋಡುವ ಸ್ವಯಂಚಾಲಿತ ತಪಾಸಣೆಯಲ್ಲಿ 100ಕ್ಕೆ 100 ಬಂದಿತ್ತು. ಮ್ಯಾನೇಜರ್ ಅದನ್ನು ಡೆಮೊದ ಮೊದಲ ಸ್ಲೈಡಿಗೇ ಹಾಕಿದ್ದರು. ಆ ಆನ್‌ಲೈನ್ ಡೆಮೊಗೆ ಧಾರವಾಡದಿಂದ ಸೇರಿಕೊಂಡಿದ್ದ ಟೆಸ್ಟರ್‌ಗೆ ದೃಷ್ಟಿಯಿಲ್ಲ. ಅವರು ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಅನ್ನು ಫೋನಿನಲ್ಲಿ ಹಾಕಿಕೊಂಡು ಪುಟದ ಮೇಲೆ ಬೆರಳು ಸರಿಸಿದರು. ಒಂದಿಷ್ಟು ಮೌನ, ಆಮೇಲೆ "ಹೆಡಿಂಗ್". ಮತ್ತೆ ಮೌನ, "ಲಿಂಕ್". ಮೌನ, "ಬಟನ್". ನಾನು ವಾಲ್ಯೂಮಿನ ಬುದ್ಧಿವಾದ ಹೇಳಿದ್ದು ಆಗಲೇ.

"ಇಲ್ಲ ಸರ್, ಬಟನ್ ಎನ್ನುವುದು ಚೆನ್ನಾಗಿಯೇ ಕೇಳುತ್ತಿದೆ. ಯಾವ ಬಟನ್ ಎನ್ನುವುದು ಕೇಳುತ್ತಿಲ್ಲ" ಎಂದರು, ಬಹಳ ತಾಳ್ಮೆಯಿಂದ. ಜರ್ಮನಿಯವರು ಮ್ಯೂಟ್ ತೆಗೆದು ಏನಾಯಿತೆಂದು ಕೇಳಿದರು. ನನ್ನ ಬಾಯಿಂದ ಬಂದದ್ದು "ನೆಟ್‌ವರ್ಕ್". ಪಾಪ, ನೆಟ್‌ವರ್ಕ್ ಏನು ಮಾಡಿತ್ತು!

ತಪ್ಪಿದ್ದದ್ದು ಒಂದೇ ಅಕ್ಷರ. ಟೆಂಪ್ಲೇಟಿನ ತಲೆಯಲ್ಲಿ ಭಾಷೆಯ ಸಂಕೇತ 'ಕೆಎನ್' ಇರಬೇಕಾದಲ್ಲಿ 'ಇಎನ್' ಎಂದಿತ್ತು. ಪುಟ ಇಂಗ್ಲಿಷಿನದೆಂದು ನಂಬಿದ ಫೋನು ಇಂಗ್ಲಿಷ್ ಧ್ವನಿಗೆ ಓದಲು ಕೊಟ್ಟಿತು. ಅದಕ್ಕೆ ಕನ್ನಡ ಬಾರದು, ಹಾರಿಸಿಕೊಂಡು ಹೋಯಿತು. ಪುಟದ ಭಾಷೆ ತಿಳಿಸಬೇಕೆಂಬುದು ಡಬ್ಲ್ಯುಸಿಎಜಿಯ, ಅಂದರೆ ಅಂಗವಿಕಲರೂ ಬಳಸಬಲ್ಲ ಜಾಲಪುಟಗಳಿಗಾಗಿ ಇರುವ ಮಾರ್ಗಸೂಚಿಯ, 3.1.1ನೇ ಅಂಶ. ಹಲವು ದೇಶದವರು ಕೂಡಿ ರೂಪಿಸಿ 2008ರಲ್ಲಿ ಹೊರತಂದ 2.0 ಆವೃತ್ತಿಯಲ್ಲೇ ಇದೆ, ಅದೂ ತೀರಾ ಕನಿಷ್ಠವಾದ 'ಎ' ಮಟ್ಟದಲ್ಲಿ. ತಪಾಸಣೆಯ ಉಪಕರಣ ನೋಡಿದ್ದು ಅಲ್ಲೊಂದು ಸಂಕೇತ ಇದೆಯೇ ಎಂದಷ್ಟೇ, ಅದು ನಿಜವೇ ಎಂದಲ್ಲ. ನಾನಂತೂ ಅಂಕ ನೋಡಿ ಎದ್ದಿದ್ದೆ. ನನ್ನದೇ ಫೋನಿನಲ್ಲಿ ಒಂದು ನಿಮಿಷ ಕೇಳಿಸಿಕೊಂಡಿದ್ದರೆ ಸಾಕಿತ್ತು.

ಆ ಒಂದಕ್ಷರ ಬದಲಿಸಲು 11 ದಿನ. ಆ ಸಂಕೇತವಿದ್ದ ಹೆಡರ್ ಫೈಲ್ ಮುಟ್ಟಲು ನಮಗೆ ಅನುಮತಿಯಿಲ್ಲ. ಸರಿಪಡಿಸಿ ಎಂದು ಟಿಕೆಟ್ (ದೋಷದ ದೂರು) ಹಾಕಿದರೆ "ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ, ಆದ್ಯತೆ ಕಡಿಮೆ" ಎಂಬ ಷರಾ ಬಿತ್ತು. ಕಾಣುವುದಿಲ್ಲವಂತೆ! ಕೊನೆಗೆ ಡೆಮೊ ರೆಕಾರ್ಡಿಂಗಿನ ಆ ಮೌನವನ್ನೇ ಕತ್ತರಿಸಿ ಟಿಕೆಟ್ಟಿಗೆ ಲಗತ್ತಿಸಿದೆ. ಮರುದಿನವೇ ಸರಿಹೋಯಿತು.

ಟೆಸ್ಟರ್ ಮೇಡಂ ಮತ್ತೆ ಪುಟ ತೆರೆದರು. ಈ ಸಲ ಸ್ಪಷ್ಟ ಕನ್ನಡ. ಸೂಚನೆಯ ಪೆಟ್ಟಿಗೆ ಮುಚ್ಚುವ ಗುಣಾಕಾರ ಚಿಹ್ನೆಯ ಮೇಲೆ ಬೆರಳಿಟ್ಟಾಗ ಫೋನು "ಹತ್ತಿರ, ಬಟನ್" ಎಂದಿತು. 'ಕ್ಲೋಸ್' ಎಂಬ ಆ ಲೇಬಲನ್ನು ಯಂತ್ರಾನುವಾದಕ್ಕೆ ಕೊಟ್ಟವನು ನಾನೇ. ಪರದೆಯ ಮೇಲೆ ಕಾಣುವುದಿಲ್ಲವಲ್ಲ ಎಂದು ತಿದ್ದಿರಲಿಲ್ಲ.

"ಯಾವುದಕ್ಕೆ ಹತ್ತಿರ ಸರ್?" ಎಂದರು.